ವಾಸಿಯಾಗದ ಕಾಲಿನ ಹುಣ್ಣಿಗೆ ಅಲ್ಟ್ರಾಸೌಂಡ್ ಕೊಡಿಸಬೇಕಾ?

ಅಪ್ಪನಿಗೆ ವೆರಿಕೋಸ್ ವೇನ್ಸ್ ಇದೆ, ಕಾಲಿನ ಹರಡಿನ ಹತ್ತಿರದ ಹುಣ್ಣು ಎಂಟು ತಿಂಗಳಾದರೂ ಮಾಯುತ್ತಿಲ್ಲ, ಹನ್ನೆರಡು ಸಿಟ್ಟಿಂಗ್ ಅಲ್ಟ್ರಾಸೌಂಡ್ ಕೊಡಿಸಿ ಅಂದಿದ್ದಾರೆ, ದುಡ್ಡು ಹಾಕಬಹುದಾ ಅಂತ ಕೇಳಿದ್ದೀರಿ. ನಾನು ಫಿಸಿಯೋಥೆರಪಿಸ್ಟ್. ಆ ಮಷಿನ್ ದಿನಾ ನನ್ನ ಕೈಯಲ್ಲೇ ಇರುತ್ತದೆ. ಆದರೂ ಸದ್ಯಕ್ಕೆ ತಡೆಯಿರಿ ಅಂತಲೇ ಹೇಳುತ್ತೇನೆ.

ಮಂಡಿನೋವಿಗೆ ಜೆಲ್ ಹಚ್ಚಿ ಆಡಿಸುತ್ತಾರಲ್ಲ, ಅದು 1 ಅಥವಾ 3 ಮೆಗಾಹರ್ಟ್ಸ್‌ನದು. ಇಂಥದ್ದನ್ನೇ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 337 ಜನರ ಮೇಲೆ ಪರೀಕ್ಷಿಸಿದರು. ಎಲ್ಲರದೂ ಸುಲಭಕ್ಕೆ ಮಾಯದ ಹುಣ್ಣು. ಕೆಲವರಿಗೆ ಮಾಮೂಲಿ ಚಿಕಿತ್ಸೆಯ ಜೊತೆ ವಾರಕ್ಕೊಮ್ಮೆ, 12 ವಾರದವರೆಗೆ ಅಲ್ಟ್ರಾಸೌಂಡ್ ಕೊಟ್ಟರು. 2011ರಲ್ಲಿ ಬಂದ ಫಲಿತಾಂಶ ನೋಡಿದರೆ ಅವರೇನೂ ಬೇಗ ವಾಸಿಯಾಗಿರಲಿಲ್ಲ. ಖರ್ಚು ಮಾತ್ರ ಜಾಸ್ತಿ.

ಇನ್ನೊಂದು ಬಗೆ ಇದೆ, 40 ಕಿಲೋಹರ್ಟ್ಸ್‌ನದು. ಚರ್ಮಕ್ಕೆ ತಾಗಿಸದೆ ಸಲೈನನ್ನು ಮಂಜಿನ ಹಾಗೆ ಹುಣ್ಣಿನ ಮೇಲೆ ಬಿಡುತ್ತಾರೆ. ಹಳದಿ ಲೋಳೆ ಬಿಡಿಸಲು ನೆರವಾಗಬಹುದು. ಆದರೆ ಕೆಟ್ಟ ರಕ್ತ ಮೇಲೆ ಹೋಗದೆ ಕಾಲಲ್ಲೇ ನಿಲ್ಲುತ್ತಿದ್ದರೆ ಎಷ್ಟು ತೊಳೆದರೂ ಅಷ್ಟೇ, ಅಲ್ವಾ?

ಅದಕ್ಕೆ ಬೇಕಿರುವುದು ಬಿಗಿ ಬ್ಯಾಂಡೇಜ್. ಹರಡಿನ ಹತ್ತಿರ ಸುಮಾರು 40 ಮಿಲಿಮೀಟರ್ ಪಾದರಸದಷ್ಟು ಒತ್ತಡ ಬೀಳಬೇಕು, ಮೇಲೆ ಹೋಗುತ್ತಾ ಕಮ್ಮಿಯಾಗಬೇಕು. ನನ್ನ ಹತ್ತಿರ ಬರುತ್ತಿದ್ದ ನಿವೃತ್ತ ಕಂಡಕ್ಟರ್ ಒಬ್ಬರು "ದಿನಾ ಕಟ್ಕೋತೀನಿ ಮೇಡಂ" ಅನ್ನುತ್ತಿದ್ದರು. ಒಂದು ದಿನ ಬಿಚ್ಚಿ ನೋಡಿದೆ. ರಾತ್ರಿಯೆಲ್ಲ ಬಿಗಿಯಾಗಿದ್ದರೆ ಮೀನಖಂಡದ ಮೇಲೆ ಬಟ್ಟೆಯ ನೇಯ್ಗೆ ಅಚ್ಚೊತ್ತಿರುತ್ತದೆ. ಇವರದು ನುಣ್ಣಗಿತ್ತು. ನವೆ ತಡೆಯಲಾರದೆ ರಾತ್ರಿ ಸಡಿಲ ಮಾಡಿ, ಬೆಳಿಗ್ಗೆ ನನಗೋಸ್ಕರ ಸುಮ್ನೆ ಸುತ್ತಿಕೊಂಡು ಬರುತ್ತಿದ್ದರು! ಒಳಗೆ ಹತ್ತಿಯ ಪದರ ಹಾಕಿ ಕಟ್ಟಿದ ಮೇಲೆ ಹುಣ್ಣಿನ ಅಂಚು ಒಳಗೆ ಸರಿಯತೊಡಗಿತು.

ಹಾಗಂತ ನೀವೇ ಬಿಗಿದುಬಿಡಬೇಡಿ. ಕಾಲಿಗೆ ಇಳಿಯುವ ರಕ್ತವೇ ಕಮ್ಮಿ ಇದ್ದರೆ ಬಿಗಿದದ್ದೇ ಅಪಾಯ. ಶುಗರ್ ಇದ್ದರಂತೂ ಇನ್ನೂ ಎಚ್ಚರ. ಮೊದಲು ಡಾಪ್ಲರ್ ಮಾಡಿಸಿ, ಹರಡಿನ ಬಿಪಿಯನ್ನು ತೋಳಿನ ಬಿಪಿಗೆ ಹೋಲಿಸಿ ನೋಡುತ್ತಾರೆ. ಅದೂ ಅಲ್ಟ್ರಾಸೌಂಡೇ. ದುಡ್ಡು ಅದಕ್ಕೆ ಹಾಕಿ.

ಮತ್ತೆ, ಹುಣ್ಣಿನ ಅಂಚು ದಪ್ಪಗಾಗಿ ಮೇಲೆದ್ದಿದ್ದರೆ ಸರ್ಜನ್‌ಗೆ ತೋರಿಸಿ ಬಯಾಪ್ಸಿ ಕೇಳಿ. ಅಪರೂಪಕ್ಕೆ ಕ್ಯಾನ್ಸರ್ ಇರುವುದುಂಟು. ಆ ರಿಪೋರ್ಟ್ ಬರುವವರೆಗೆ ಅಲ್ಲಿಗೆ ಮಷಿನ್ ಇಡಿಸಬೇಡಿ.