ಬ್ರೀಫ್‌ಕೇಸ್ ಮೀಟಬೇಡಿ, ನಂಬರ್ ಸಿಗುತ್ತದೆ

ಸರ್, ತೀರಿಹೋದ ತಂದೆಯವರ ಬ್ರೀಫ್‌ಕೇಸ್‌ನಲ್ಲಿ ಹೊಲದ ಪತ್ರಗಳಿವೆ, ಬೀಗದ ನಂಬರ್ ಗೊತ್ತಿಲ್ಲ, ಸ್ಕ್ರೂಡ್ರೈವರ್ ಹಾಕಿ ಮೀಟಲೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅಂಚು ಬಾಗಿದರೆ ಆಮೇಲೆ ಸರಿಯಾದ ನಂಬರ್ ಸಿಕ್ಕರೂ ಕೊಂಡಿ ಬಿಡದೇ ಹೋಗಬಹುದು.

ಮೊದಲು 000, ಹುಟ್ಟಿದ ದಿನ, ಹಳೇ ಗಾಡಿ ನಂಬರಿನ ಕೊನೆಯ ಮೂರಂಕಿ ಹಾಕಿ ನೋಡಿ. ಆಗಲಿಲ್ವಾ? ಮೂರು ಚಕ್ರ ಅಂದ್ರೆ 000ದಿಂದ 999ರವರೆಗೆ ಬರೀ 1000 ನಂಬರ್. ಹೆಬ್ಬೆರಳಿನಿಂದ ಗುಂಡಿಯನ್ನು ತೆರೆಯುವ ಕಡೆಗೆ ಹಗುರವಾಗಿ ತಳ್ಳಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಕೊನೆಯ ಚಕ್ರವನ್ನು ಒಂದೊಂದೇ ಅಂಕಿ ತಿರುಗಿಸುತ್ತಾ ಹೋಗಿ; ಅದು ಒಂದು ಸುತ್ತು ಮುಗಿದಾಗ ನಡುವಿನ ಚಕ್ರವನ್ನು ಒಂದಂಕಿ ಮುಂದೆ ಸರಿಸಿ, ನಡುವಿನದು ಸುತ್ತು ಮುಗಿದಾಗ ಮೊದಲನೆಯದನ್ನು. ಎರಡು ಸೆಕೆಂಡಿಗೊಂದು ಅಂದರೂ ಪೂರ್ತಿ ಮುಗಿಯಲು 35 ನಿಮಿಷ ಸಾಕು. ಜೋರಾಗಿ ತಳ್ಳಿದರೆ ಚಕ್ರ ಬಿಗಿಯಾಗುತ್ತದೆ, ಸುಮ್ನೆ ಬೆರಳು ನೋವು. ಸವೆದ ಬೀಗವಾದರೆ ಕೆಲವೊಮ್ಮೆ ಸರಿಯಾದ ಅಂಕಿಯಲ್ಲಿ ಚಕ್ರ ಸ್ವಲ್ಪ ಹಿಡಿದಂತಾಗುತ್ತದೆ, ಅದನ್ನು ಗಮನಿಸಿ.

ಒಂದು ಕಡೆಯ ಬೀಗ ತೆರೆದುಕೊಂಡರೆ ಅದೇ ನಂಬರನ್ನು ಇನ್ನೊಂದು ಕಡೆಗೂ ಹಾಕಿ. ಎರಡಕ್ಕೂ ಒಂದೇ ಇಡುವವರೇ ಜಾಸ್ತಿ.

ತುಕ್ಕು ಹಿಡಿದು ಚಕ್ರವೇ ತಿರುಗದಿದ್ದರೆ, ದಾವಣಗೆರೆಯಲ್ಲೇ ಇದ್ದೀರಲ್ವಾ, ಮಂಡಿಪೇಟೆ ಕಡೆ ಕೀ ಮಾಡುವವರನ್ನು ವಿಚಾರಿಸಿ. ನಿಮ್ಮೆದುರೇ ತೆಗೆಸಿ. ಪತ್ರಗಳು ಒಳಗಿರುವಾಗ ಅಂಗಡಿಯಲ್ಲಿ ಬಿಟ್ಟು ಬರಬೇಡಿ.