ಬರೆಯೋದನ್ನೇ ಡಿಗ್ರಿಯಾಗಿ ಓದಬಹುದಾ?

ಪಿಯುಸಿ ರಿಸಲ್ಟ್ ಬಂದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಸೃಜನಶೀಲ ಬರವಣಿಗೆಯನ್ನು ಪದವಿಯಲ್ಲಿ ಓದುವುದು. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಹೆಸರು ಯಾರದ್ದೂ ಹಾಕಿಲ್ಲ, ಊರು ಮಾತ್ರ ಇದೆ.

ಮೇಡಂ, ಸೆಕೆಂಡ್ ಪಿಯುಸಿ ಕಾಮರ್ಸ್ ಮುಗಿಸಿದ್ದೇನೆ. ಎಂಟನೇ ಕ್ಲಾಸಿನಿಂದ ಕಥೆ ಬರೀತೀನಿ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ. ಕ್ರಿಯೇಟಿವ್ ರೈಟಿಂಗ್‌ನಲ್ಲೇ ಡಿಗ್ರಿ ಮಾಡಬಹುದು ಅಂತ ಈಗ ಗೊತ್ತಾಯ್ತು. ಅಪ್ಪ, 'ಬಿಕಾಂ ಮಾಡು, ಬರೆಯೋದನ್ನ ಮನೆಯಲ್ಲೇ ಬರಿ' ಅಂತಾರೆ. ಅಲ್ಲಿ ಏನು ಕಲಿಸ್ತಾರೆ? ಬರೆಯೋದನ್ನ ಯಾರಾದರೂ ಕಲಿಸೋಕೆ ಆಗುತ್ತಾ?
ವಿದ್ಯಾರ್ಥಿನಿ, ಶಿರಸಿ

ನೀನು ನನ್ನ ವಿದ್ಯಾರ್ಥಿಗಳ ವಯಸ್ಸಿನವಳು, ಹಾಗಾಗಿ ನೀನು ಎಂದೇ ಬರೆಯುತ್ತೇನೆ.

ಕೊನೆಯ ಪ್ರಶ್ನೆಯಿಂದ ಶುರು ಮಾಡೋಣ. ಕಲಿಸಲು ಆಗುವುದೂ ಇದೆ, ಆಗದ್ದೂ ಇದೆ. ಯಾವ ಸಂಗತಿ ನಿನ್ನನ್ನು ನಿದ್ದೆ ಮಾಡಲು ಬಿಡುವುದಿಲ್ಲವೋ ಅದು ನಿನ್ನದೇ. ಅದನ್ನು ಯಾವ ಸಿಲಬಸ್ಸೂ ಕೊಡುವುದಿಲ್ಲ. ಆದರೆ ಕಥೆ ಎಲ್ಲಿಂದ ಶುರುವಾಗಬೇಕು, ಯಾರ ಬಾಯಲ್ಲಿ ಹೇಳಿಸಬೇಕು, ಮಾತುಕತೆ ಎಲ್ಲಿ ನಿಲ್ಲಬೇಕು, ಏನನ್ನು ಬಿಡಬೇಕು, ಇವೆಲ್ಲ ಕಲಿಯಬಹುದಾದ ಕೆಲಸಗಳು. ಸಂಗೀತಕ್ಕೆ ಮೇಷ್ಟ್ರು ಬೇಕು ಅಂದರೆ ಯಾರೂ ಆಶ್ಚರ್ಯ ಪಡುವುದಿಲ್ಲ, ಅಲ್ವಾ?

ಕ್ಲಾಸಿನಲ್ಲಿ ಏನಾಗುತ್ತದೆ ಅಂದರೆ, ಅರ್ಧ ಸಮಯ ಓದು. ಒಂದು ಸಣ್ಣಕಥೆಯನ್ನು ಪರೀಕ್ಷೆಗೆ ಓದುವ ಹಾಗೆ 'ಇದರ ಆಶಯವೇನು' ಎಂದು ಓದುವುದಿಲ್ಲ. 'ಇವರು ಇದನ್ನು ಹೇಗೆ ಮಾಡಿದರು' ಎಂದು ಓದುತ್ತಾರೆ. ಉಳಿದರ್ಧ ವರ್ಕ್‌ಶಾಪ್. ನೀನು ಬರೆದದ್ದರ ಪ್ರತಿಯನ್ನು ಎಲ್ಲರೂ ಮೊದಲೇ ಓದಿಕೊಂಡು ಬಂದಿರುತ್ತಾರೆ. ಅವರು ಅದರ ಬಗ್ಗೆ ಮಾತಾಡುವಾಗ ನೀನು ಬಾಯಿ ಬಿಡುವಂತಿಲ್ಲ. ಕೊನೆಗೆ ಮಾತ್ರ ನಿನ್ನ ಸರದಿ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾದ ರೈಟರ್ಸ್ ವರ್ಕ್‌ಶಾಪ್ ಈ ಪದ್ಧತಿಗೆ ಹೆಸರಾಯಿತು. ಈಗ ಕೆಲವು ಕಡೆ ಸುಮ್ಮನಿರುವ ನಿಯಮವನ್ನು ಸಡಿಲ ಮಾಡಿದ್ದಾರೆ. ಬರೆದವರೇ ಮೊದಲು ಪ್ರಶ್ನೆ ಕೇಳಲಿ ಅನ್ನುತ್ತಾರೆ. ನನಗೆ ಅದೂ ಒಳ್ಳೆಯದೇ ಅನಿಸುತ್ತದೆ, ಮುಖ್ಯವಾಗಿ ಸಂಕೋಚದ ಮಕ್ಕಳಿಗೆ.

ನಾನು ಸರ್ಕಾರಿ ಪದವಿ ಕಾಲೇಜುಗಳಲ್ಲಿ ಇಂಗ್ಲಿಷ್ ಪಾಠ ಮಾಡಿದವಳು. ಶನಿವಾರ ಮಧ್ಯಾಹ್ನ ಬರೆಯುವ ಆಸೆ ಇದ್ದವರನ್ನು ಕೂರಿಸಿಕೊಳ್ಳುತ್ತಿದ್ದೆ. ಹೊಸನಗರದ ಕಡೆಯ ಒಬ್ಬ ಹುಡುಗಿ ಅಜ್ಜಿಯ ಬಗ್ಗೆ ಕಥೆ ತಂದಿದ್ದಳು. ಮೊದಲ ಎರಡು ಪುಟ ಬರೀ ಮಳೆ. ಮೂರನೇ ಪುಟದಲ್ಲಿ, ಒಂದೇ ಒಂದು ವಾಕ್ಯದಲ್ಲಿ, ಅಜ್ಜಿ ಓಲೆ ಅಡವಿಟ್ಟು ಮೊಮ್ಮಗಳ ಪರೀಕ್ಷೆ ಫೀಸು ಕಟ್ಟುತ್ತಾಳೆ. ಹಿಂದಿನ ಬೆಂಚಿನ ಹುಡುಗ ಕೇಳಿದ: 'ಓಲೆ ಇಡೋಕೆ ಸೊಸೈಟಿಗೆ ಹೋದ್ರಾ, ಸೇಟು ಅಂಗಡಿಗೆ ಹೋದ್ರಾ? ಒಬ್ರೇ ಹೋದ್ರಾ?' ಅವಳಿಗೆ ಗೊತ್ತಿರಲಿಲ್ಲ. ಅದನ್ನು ಅವಳು ಯೋಚಿಸಿಯೇ ಇರಲಿಲ್ಲ. ಮತ್ತೆ ಬರೆದು ತಂದಾಗ ಮಳೆ ಹೋಗಿತ್ತು. ಕಥೆ ಬಸ್ಸಿನಲ್ಲಿ ಶುರುವಾಗಿತ್ತು. ಅಜ್ಜಿ ವಾಪಸ್ ಬರುವಾಗ ಬೋಳು ಕಿವಿ ಯಾರಿಗೂ ಕಾಣಬಾರದೆಂದು ತಲೆ ತುಂಬ ಸೆರಗು ಹೊದ್ದು ಕೂತಿದ್ದಳು. ನಾನು ಏನನ್ನೂ ಕಲಿಸಿರಲಿಲ್ಲ. ಆ ಹುಡುಗ ಕೇಳಿದ ಪ್ರಶ್ನೆ ಕೆಲಸ ಮಾಡಿತ್ತು.

ಅದಕ್ಕೇ ಹೇಳುತ್ತೇನೆ, ನಿನ್ನ ಅಪ್ಪನ ಮಾತಿನಲ್ಲಿ ಅರ್ಧ ನಿಜವಿದೆ. ಬರೆಯುವುದು ಮನೆಯಲ್ಲೇ ಆಗುತ್ತದೆ. ಆದರೆ ಗಮನ ಕೊಟ್ಟು ಓದಿ, ಮುಲಾಜಿಲ್ಲದೆ ಪ್ರಶ್ನೆ ಕೇಳುವವರು ಮನೆಯಲ್ಲಿ ಸಿಗುವುದು ಕಷ್ಟ. ಮನೆಯವರು ಮೆಚ್ಚುತ್ತಾರೆ, ಇಲ್ಲವೇ ಹೆದರುತ್ತಾರೆ. ಈ ಡಿಗ್ರಿ ನಿಜವಾಗಿ ಕೊಡುವುದು ಅಂಥ ಓದುಗರನ್ನು, ಒಪ್ಪಿಸಲೇಬೇಕಾದ ಗಡುವನ್ನು, ನೀನಾಗಿಯೇ ಎಂದೂ ಎತ್ತಿಕೊಳ್ಳದಂಥ ಪುಸ್ತಕಗಳನ್ನು.

ಇನ್ನೊಂದು ಸಂಗತಿ ನಿನಗೆ ಧೈರ್ಯ ಕೊಡಬಹುದು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಮಾಲ್ಕಮ್ ಬ್ರ್ಯಾಡ್‌ಬರಿ ಮತ್ತು ಆಂಗಸ್ ವಿಲ್ಸನ್ 1970ರಲ್ಲಿ ಈ ವಿಷಯದ ಎಂ.ಎ. ಶುರು ಮಾಡಿದರು. ಮುಂದೆ 2017ರಲ್ಲಿ ನೊಬೆಲ್ ಪಡೆದ ಕಜುವೊ ಇಶಿಗುರೊ ಅಲ್ಲಿ ಕಲಿತವರು. ಆದರೆ ಅವರು ಬಿ.ಎ.ಯಲ್ಲಿ ಓದಿದ್ದು ಇಂಗ್ಲಿಷ್ ಮತ್ತು ತತ್ವಶಾಸ್ತ್ರ. ಅಯೋವಾದಲ್ಲೂ ಬಿ.ಎ. ಮಟ್ಟದ 'ಇಂಗ್ಲಿಷ್ ಮತ್ತು ಸೃಜನಶೀಲ ಬರವಣಿಗೆ' ಶುರುವಾಗಿದ್ದು 2016ರಲ್ಲಿ. ಅಂದರೆ ಹದಿನೆಂಟಕ್ಕೆ ಈ ಕೋರ್ಸ್ ಸಿಗದಿದ್ದರೆ ಬಾಗಿಲು ಮುಚ್ಚಿತು ಅಂತಲ್ಲ. ಈ ವಯಸ್ಸಿನಲ್ಲಿ ಬೇರೆ ಏನಾದರೂ ಒಂದನ್ನು ಆಳವಾಗಿ ಓದುವುದು ಬರೆಯುವವರಿಗೆ ತುಂಬ ಬೇಕು. ಇತಿಹಾಸ ಆಗಬಹುದು, ಮನಃಶಾಸ್ತ್ರ ಆಗಬಹುದು, ಅರ್ಥಶಾಸ್ತ್ರವೂ ಆಗಬಹುದು. ಓಲೆ ಅಡವಿಡುವುದು ಅರ್ಥಶಾಸ್ತ್ರವೂ ಹೌದು.

ನನ್ನ ಸಲಹೆ ಇದು. ಬರೀ ಬರವಣಿಗೆಯ ಡಿಗ್ರಿ ಬೇಡ. ಇನ್ನೊಂದು ವಿಷಯದ ಜೊತೆ ಬರವಣಿಗೆ ಇರುವುದನ್ನು ನೋಡು. ಹರಿಯಾಣದ ಸೋನಿಪತ್‌ನಲ್ಲಿರುವ ಅಶೋಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮತ್ತು ಸೃಜನಶೀಲ ಬರವಣಿಗೆಯನ್ನು ಒಟ್ಟಿಗೆ ಓದಬಹುದು. ಖರ್ಚಿನ ಮಾತು ಮುಂದಿನ ಉತ್ತರದಲ್ಲಿದೆ, ಅಪ್ಪನ ಜೊತೆ ಕೂತು ಓದು. ಅದು ಆಗದಿದ್ದರೆ ನಮ್ಮಲ್ಲೇ ಬಿ.ಎ.ಗೆ ಇಂಗ್ಲಿಷ್ ಅಥವಾ ಕನ್ನಡವನ್ನು ಐಚ್ಛಿಕವಾಗಿ ತೆಗೆದುಕೋ. ಕಾಮರ್ಸ್ ಮಾಡಿದವರೂ ಬಿ.ಎ.ಗೆ ಸೇರಬಹುದು. ಕರ್ನಾಟಕದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಅದು ಮುಗಿದಾಗ ನಿನಗೆ ಇಪ್ಪತ್ತೊಂದು. ಬರವಣಿಗೆಯಲ್ಲಿ ಎಂ.ಎ. ಮಾಡಲು ಅದು ಒಳ್ಳೆಯ ವಯಸ್ಸು.

ಬಿಕಾಂ ಮಾಡಿದರೆ ಬರವಣಿಗೆ ಸತ್ತುಹೋಗುತ್ತದೆ ಎಂದು ಮಾತ್ರ ಅಪ್ಪನ ಜೊತೆ ಜಗಳಕ್ಕೆ ನಿಲ್ಲಬೇಡ. ಸಾಯುವುದಿಲ್ಲ.

ಮಗ ಪಿಯು ಸೈನ್ಸ್‌ನಲ್ಲಿ ಪಾಸಾಗಿದ್ದಾನೆ. ಸಿಇಟಿ ಕೌನ್ಸೆಲಿಂಗ್ ಬೇಡ, ಖಾಸಗಿ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ-ಬರವಣಿಗೆ ಓದುತ್ತೇನೆ ಅನ್ನುತ್ತಾನೆ. ನನ್ನದು ಹಾರ್ಡ್‌ವೇರ್ ಅಂಗಡಿ. ಸಾಲ ತೆಗೆಯಬೇಕಾಗುತ್ತದೆ. ಓದಿದ ಮೇಲೆ ಕೆಲಸ ಸಿಗುತ್ತದಾ? ನೇರವಾಗಿ ಹೇಳಿ.
ತಂದೆ, ದಾವಣಗೆರೆ

ನೇರವಾಗಿಯೇ ಹೇಳುತ್ತೇನೆ. ಪೂರ್ತಿ ಫೀಸಿಗೆ ಸಾಲ ಮಾಡುವುದಾದರೆ ಈ ಡಿಗ್ರಿ ಬೇಡ.

ಕಾರಣ ಹುಡುಗನ ಯೋಗ್ಯತೆ ಅಲ್ಲ, ಲೆಕ್ಕ. ಇಂಥ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಹಾಸ್ಟೆಲ್ ಸೇರಿ ವರ್ಷಕ್ಕೆ ಹತ್ತು ಲಕ್ಷ ದಾಟುವುದೂ ಉಂಟು. 7.5 ಲಕ್ಷ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತಾರೆ. ಆ ಸಾಲದ ಕಂತು ಹೊತ್ತ ಹುಡುಗ ಮೊದಲು ಸಿಕ್ಕ ಕೆಲಸ ಹಿಡಿಯಬೇಕಾಗುತ್ತದೆ. ಯಾವುದಕ್ಕಾಗಿ ಅಷ್ಟು ಖರ್ಚಾಯಿತೋ ಆ ಬರವಣಿಗೆಗೇ ಸಮಯ ಉಳಿಯುವುದಿಲ್ಲ. ಇದನ್ನು ನಾನು ಹಲವು ಮಕ್ಕಳಲ್ಲಿ ಕಂಡಿದ್ದೇನೆ, ಸಂಕಟವಾಗುತ್ತದೆ.

ಆದರೆ ಇಲ್ಲ ಎನ್ನುವ ಮೊದಲು ಶುಲ್ಕ ರಿಯಾಯಿತಿಗೆ ಅರ್ಜಿ ಹಾಕಿಸಿ. ಮನೆಯ ಆದಾಯ ನೋಡಿ ಫೀಸು ಕಡಿಮೆ ಮಾಡುವ ವಿಶ್ವವಿದ್ಯಾಲಯಗಳಿವೆ, ಅಶೋಕ ಅದರಲ್ಲೊಂದು. ಅಂಗಡಿಯ ಐಟಿ ರಿಟರ್ನ್ಸ್ ಸಿದ್ಧ ಇಟ್ಟುಕೊಳ್ಳಿ. ಎಷ್ಟು ರಿಯಾಯಿತಿ ಸಿಗುತ್ತದೆ ಎಂದು ಬರಹದಲ್ಲಿ ಬಂದ ಮೇಲೆ ತೀರ್ಮಾನ ಮಾಡಿ. ಜೊತೆಗೆ, ಬರವಣಿಗೆಯ ಕ್ಲಾಸಿನಲ್ಲಿ ಎಷ್ಟು ಮಕ್ಕಳು ಕೂರುತ್ತಾರೆ ಎಂದು ಕೇಳಿ. ಅರವತ್ತು ಎಂದರೆ ಅದು ವರ್ಕ್‌ಶಾಪ್ ಅಲ್ಲ, ಭಾಷಣ. ಪಾಠ ಮಾಡುವವರು ಬರೆದ ಒಂದಾದರೂ ಪುಸ್ತಕವನ್ನು ಮಗ ಮೊದಲೇ ಓದಲಿ. ಯುಜಿಸಿ ಮಾನ್ಯತೆ ಇದೆಯಾ, ಅಂಕಪಟ್ಟಿಯಲ್ಲಿ ಮುಖ್ಯ ವಿಷಯ ಇಂಗ್ಲಿಷ್ ಎಂದು ಬರುತ್ತದಾ, ಇದನ್ನೂ ನೋಡಿ. ಮುಂದೆ ಎಂ.ಎ. ಸೇರುವಾಗ ಅದು ಬೇಕಾಗಬಹುದು.

ಕೆಲಸದ ವಿಷಯ. ಜಾಹೀರಾತು ಕಂಪನಿಗಳಲ್ಲಿ ಕಾಪಿ ಬರೆಯುವುದು, ಪ್ರಕಾಶನದಲ್ಲಿ ಕರಡು ತಿದ್ದುವುದು, ಸೀರಿಯಲ್ ಸಂಭಾಷಣೆ, ಸಬ್‌ಟೈಟಲ್, ಅನುವಾದ, ಕಂಪನಿಗಳ ಕಂಟೆಂಟ್ ಕೆಲಸ, ಇವೆಲ್ಲ ಇವೆ. ಶುರುವಿನ ಸಂಬಳ ಎಂಜಿನಿಯರ್‌ಗಳಿಗೆ ಹೋಲಿಸುವಂತಿಲ್ಲ. ಕಾಲೇಜಿನಲ್ಲಿ ಪಾಠ ಮಾಡಬೇಕೆಂದರೆ ಎಂ.ಎ.ಯಲ್ಲಿ ಶೇ 55 ಅಂಕ, ಮೇಲೆ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಕೆಎಎಸ್, ಐಎಎಸ್ ಪರೀಕ್ಷೆಗೆ ಮಾನ್ಯತೆ ಇರುವ ಯಾವ ಡಿಗ್ರಿಯಾದರೂ ನಡೆಯುತ್ತದೆ.

ಜಯಂತ ಕಾಯ್ಕಿಣಿ ಓದಿದ್ದು ಜೀವರಸಾಯನಶಾಸ್ತ್ರ, ವಿವೇಕ ಶಾನಭಾಗ ಓದಿದ್ದು ಎಂಜಿನಿಯರಿಂಗ್. 'ನೋಡು, ಅವರೆಲ್ಲ ಸೈನ್ಸ್ ಓದಿಯೂ ಬರೆದರು' ಎಂದು ಮಗನ ಬಾಯಿ ಮುಚ್ಚಿಸಲು ಇದನ್ನು ಬಳಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಇಷ್ಟವಿಲ್ಲದ ಎಂಜಿನಿಯರಿಂಗ್‌ಗೆ ನಾಲ್ಕು ವರ್ಷ ಫೀಸು ಕಟ್ಟುವುದೂ ಖರ್ಚೇ. ನಿಮ್ಮಿಬ್ಬರ ನಡುವೆ ದಾರಿ ಇದೆ: ಬೆಂಗಳೂರು, ಮೈಸೂರು ಅಥವಾ ನಿಮ್ಮ ಊರಿನಲ್ಲೇ ಪತ್ರಿಕೋದ್ಯಮ, ಇಂಗ್ಲಿಷ್ ಇರುವ ಬಿ.ಎ. ಅದರ ಜೊತೆ ದೂರಶಿಕ್ಷಣದ ಮುಕ್ತ ವಿಶ್ವವಿದ್ಯಾಲಯ ಇಗ್ನೋದ ಇಂಗ್ಲಿಷ್ ಸೃಜನಶೀಲ ಬರವಣಿಗೆಯ ಡಿಪ್ಲೊಮಾ ಮಾಡಬಹುದು. ಪಿಯುಸಿ ಆಗಿದ್ದರೆ ಸಾಕು, ಕನಿಷ್ಠ ಒಂದು ವರ್ಷದ ಓದು, ಅಂಚೆ ತೆರಪಿನ ಕ್ರಮ. ಒಂದನ್ನು ಕಾಲೇಜಿಗೆ ಹೋಗಿ, ಇನ್ನೊಂದನ್ನು ದೂರಶಿಕ್ಷಣದಲ್ಲಿ ಒಟ್ಟಿಗೆ ಓದಲು ಯುಜಿಸಿ 2022ರಲ್ಲೇ ಒಪ್ಪಿಗೆ ಕೊಟ್ಟಿದೆ.

ಮೇಡಂರೀ, ಇವೆಲ್ಲ ಇಂಗ್ಲಿಷ್‌ದವರಿಗೆ ಅನಸ್ತದ. ನಾನು ಬಿ.ಎ. ಎರಡನೇ ವರ್ಷ, ಐಚ್ಛಿಕ ಕನ್ನಡ. ಕವಿತಾ, ಕತಿ ಬರೀತೀನಿ. ನಮ್ಮ ಕಡಿ ಮಾತಿನಾಗ ಬರದ್ರ 'ಶುದ್ಧ ಕನ್ನಡದಾಗ ಬರಿ' ಅಂತಾರ. ನಾ ಏನು ಮಾಡಬೇಕು?
ವಿದ್ಯಾರ್ಥಿ, ಕಲಬುರಗಿ ಜಿಲ್ಲೆ

ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು, ಯಾಕೆ ಅಂತ ಹೇಳುತ್ತೇನೆ.

ನಮಗೆ ಸಿಕ್ಕಿರುವ ಕನ್ನಡದ ಮೊದಲ ಕೃತಿ ಕವಿರಾಜಮಾರ್ಗ, ಸುಮಾರು 850ರ ಕಾಲದ್ದು. ಅದು ಕಥೆಯಲ್ಲ, ಕಾವ್ಯವನ್ನು ಹೇಗೆ ಬರೆಯಬೇಕು ಎಂದು ಹೇಳಿಕೊಡುವ ಪುಸ್ತಕ. ಅದು ಹುಟ್ಟಿದ್ದು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ ಅಂದರೆ ನಿಮ್ಮದೇ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಕನ್ನಡಿಗರು 'ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್', ಅಂದರೆ ಓದದೆಯೂ ಕಾವ್ಯ ಕಟ್ಟಬಲ್ಲವರು ಎಂಬ ಮಾತು ಅದರಲ್ಲೇ ಇರುವುದು. ಈ ಸಾಲನ್ನು ಭಾಷಣಗಳಲ್ಲಿ ಎಲ್ಲರೂ ಹೇಳುತ್ತಾರೆ. ಅದೇ ಪುಸ್ತಕ ಮೂರು ಪರಿಚ್ಛೇದಗಳ ಉದ್ದಕ್ಕೂ ದೋಷ ಯಾವುದು, ಅಲಂಕಾರ ಯಾವುದು ಎಂದು ಉದಾಹರಣೆ ಸಮೇತ ಪಾಠ ಮಾಡುತ್ತದೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಜನರಿಗೆ ಓದದೆಯೂ ಬರುತ್ತದೆ ಎಂದು ಒಪ್ಪಿಕೊಂಡೇ, ಕಲಿಯುವುದಕ್ಕೂ ಇದೆ ಎಂದು ಅದನ್ನು ಬರೆದವರು ಕೂತು ಬರೆದರು. ಬರವಣಿಗೆ ಕಲಿಸುವುದು ಹೊರಗಿನಿಂದ ಬಂದದ್ದು ಎನ್ನುವವರಿಗೆ ನೀವು ಮಳಖೇಡದ ಕಡೆ ಕೈ ತೋರಿಸಬಹುದು.

ನಿಮ್ಮ ಡಿಗ್ರಿಯಲ್ಲಿ ಬೇಕಾದ ಸಾಮಾನು ಆಗಲೇ ಇದೆ. ಛಂದಸ್ಸು, ವಚನ, ಹಳಗನ್ನಡ, ಕಾವ್ಯಮೀಮಾಂಸೆ. ಅದನ್ನು ಐದು ಅಂಕದ ಟಿಪ್ಪಣಿಯಾಗಿ ಬಿಡಬೇಡಿ. ಷಟ್ಪದಿಯ ಮಾತ್ರೆ ಎಣಿಸುವುದು ಬಂದರೆ, ನಿಮ್ಮ ಊರಿನ ಬಸ್‌ಸ್ಟ್ಯಾಂಡಿನ ಬಗ್ಗೆ ಒಂದು ಭಾಮಿನಿ ಷಟ್ಪದಿ ಬರೆದು ನೋಡಿ. ಕೆಟ್ಟದಾಗಿ ಬರಲಿ ಪರವಾಗಿಲ್ಲ. ಆಮೇಲೆ ನೀವು ಬರೆಯುವ ಬಿಡಿ ಸಾಲಿನ ಕವಿತೆಯಲ್ಲೂ ಸಾಲು ಎಲ್ಲಿ ಮುರಿಯಬೇಕು ಎನ್ನುವ ಎಚ್ಚರ ಬರುತ್ತದೆ.

ಮಾತಿನ ವಿಷಯಕ್ಕೆ ಬಂದರೆ, ನಿಮ್ಮ ಕಡೆಯ ಮಾತನ್ನು ಬಿಡಬೇಡಿ. ನಿಮ್ಮದೇ ಜಿಲ್ಲೆಯ ಗೀತಾ ನಾಗಭೂಷಣ ಕಲಬುರಗಿಯ ಬಡವರ ಬದುಕನ್ನು ಅವರದೇ ಮಾತಿನಲ್ಲಿ ಬರೆದರು. ಅವರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದೇವನೂರ ಮಹಾದೇವ ತಮ್ಮ ಸೀಮೆಯ ಆಡುಮಾತಿನಲ್ಲೇ ಬರೆದು ಕನ್ನಡ ಗದ್ಯದ ದಿಕ್ಕು ಬದಲಿಸಿದರು. ಒಂದೇ ಎಚ್ಚರ: ಮಾತು ಕಿವಿಗೆ ಕೇಳಿಸುವ ಹಾಗಿರಲಿ. ಸುಮ್ನೆ ಪ್ರತಿ ಪದವನ್ನೂ ತಿರುಚಿ ಬರೆದರೆ ಓದುವವರು ಅಕ್ಷರದಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ನಿಮಗೆ ಇನ್ನು ಬೇಕಾಗಿರುವುದು ಓದುಗರು. ಕಾಲೇಜಿನಲ್ಲಿ ಬರೆಯುವ ನಾಲ್ಕೈದು ಜನ ಇದ್ದೇ ಇರುತ್ತಾರೆ. ವಾರಕ್ಕೆ ಒಮ್ಮೆ ಒಬ್ಬರ ಬರಹ, ಝೆರಾಕ್ಸ್ ಪ್ರತಿ ಎಲ್ಲರ ಕೈಯಲ್ಲಿ, ಬರೆದವರು ಸುಮ್ಮನೆ ಕೇಳಬೇಕು. ಗೆಳತಿಯರೂ ಇರಲಿ. ಬರೀ ಹುಡುಗರೇ ಕೂತ ಗುಂಪಿನಲ್ಲಿ ಕಥೆಯ ಹೆಂಗಸರ ಬಗ್ಗೆ ಯಾರೂ ಸರಿಯಾದ ಪ್ರಶ್ನೆ ಕೇಳುವುದಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರಕ್ಕೆ ಒಮ್ಮೆ ಹೋಗಿ ಬನ್ನಿ. ಬೆಂಗಳೂರಿನ ಟೋಟೊ ಸಂಸ್ಥೆ ಯುವ ಬರಹಗಾರರಿಗೆ ಕನ್ನಡದಲ್ಲೂ ಪುರಸ್ಕಾರ ಕೊಡುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ಪಿಎಂ-ಯುವ ಯೋಜನೆಯಲ್ಲಿ ಮೂವತ್ತು ದಾಟದವರು ತಮ್ಮ ಭಾಷೆಯಲ್ಲೇ ಪುಸ್ತಕದ ಪ್ರಸ್ತಾವ ಕಳಿಸಬಹುದು. ಆಯ್ಕೆಯಾದವರಿಗೆ ಆರು ತಿಂಗಳು ತಿಂಗಳಿಗೆ 50,000 ರೂಪಾಯಿ. ವಿಷಯವನ್ನು ಮಾತ್ರ ಅವರೇ ಗೊತ್ತು ಮಾಡುತ್ತಾರೆ. ಪ್ರಕಟಣೆ ಬಂದಾಗ ಗಮನಿಸಿ.

ಅರ್ಜಿ ಜೊತೆ ಬರಹದ ಮಾದರಿ ಕೇಳಿದ್ದಾರೆ. ಏನು ಕಳಿಸಲಿ? ಎಐ ಹತ್ತಿರ ಸ್ವಲ್ಪ ತಿದ್ದಿಸಿಕೊಂಡರೆ ತಪ್ಪಾ?
ವಿದ್ಯಾರ್ಥಿನಿ, ಮಂಗಳೂರು

ತಿದ್ದಿಸಿಕೊಳ್ಳಬೇಡ. ಆ ಮಾದರಿಯಲ್ಲಿ ಅವರು ಹುಡುಕುವುದು ನಿನ್ನ ಕಿವಿಯನ್ನು, ನೀನು ಮಾತ್ರ ಕಂಡದ್ದನ್ನು. ವ್ಯಾಕರಣದ ಒಂದೆರಡು ತಪ್ಪು ಇದ್ದರೆ ನಡೆಯುತ್ತದೆ. ಬೇರೆಯವರ ದನಿ ಬಂದರೆ ನಡೆಯುವುದಿಲ್ಲ. ಅನೇಕ ಕಡೆ ಅದು ನಿಯಮಕ್ಕೂ ವಿರುದ್ಧ.

ಒಂದೇ ಕಥೆ ಅಥವಾ ಮೂರು ನಾಲ್ಕು ಕವಿತೆ ಸಾಕು. ಬಹುಮಾನ ಬಂದದ್ದೇ ಆಗಬೇಕಿಲ್ಲ. ನಿನಗೆ ಬರೆಯಲು ಕಷ್ಟವಾದದ್ದನ್ನು ಕಳಿಸು. ಕನಸಿನಿಂದ ಎಚ್ಚರವಾಗುವ ಶುರು ಇದ್ದರೆ ತೆಗೆ. ಸ್ಪರ್ಧೆಗೆ ಬಂದ ಕಥೆಗಳನ್ನು ಓದುವಾಗ ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ! ಬ್ಯಾರಿ, ತುಳು, ಕೊಂಕಣಿ ಯಾವುದು ಮನೆಮಾತೋ ಅದರ ಪದ ಕಥೆಗೆ ಬೇಕಾದರೆ ಇಡು, ಅರ್ಥ ವಿವರಿಸುತ್ತ ಕೂರಬೇಡ. ಒಮ್ಮೆ ಜೋರಾಗಿ ಓದು, ನಾಲಿಗೆ ತಡವರಿಸಿದ ಕಡೆ ಗುರುತು ಹಾಕು, ಅಲ್ಲಿ ಮಾತ್ರ ತಿದ್ದು. ಅವರು ಹೇಳಿದ ಪದಮಿತಿ ಮೀರಬೇಡ. ಪುಟಸಂಖ್ಯೆ ಹಾಕಿ ಪಿಡಿಎಫ್ ಮಾಡಿ, ಕೊನೆಯ ದಿನಕ್ಕೆ ಕಾಯದೆ ಕಳಿಸಿಬಿಡು.