ಉಪ್ಪು ನೀರಿನಿಂದ ಸೀರೆಯ ಬಣ್ಣ ನಿಲ್ಲುವುದಿಲ್ಲ: ಕೌದಿ, ಕ್ವಿಲ್ಟ್ ಕುರಿತ ಪ್ರಶ್ನೆಗಳಿಗೆ ಉತ್ತರ

ಶಿವಮೊಗ್ಗದಲ್ಲಿ ಕ್ವಿಲ್ಟ್ ಹೊಲಿಯುವುದನ್ನು ಕಲಿಸುತ್ತೇನೆ. ಮಳೆ ಹಿಡಿಯಿತೆಂದರೆ ಕೆಲವು ಪ್ರಶ್ನೆಗಳು ಬಂದೇ ಬರುತ್ತವೆ. ಅದರಲ್ಲೂ ಬಣ್ಣ ಬಿಟ್ಟ ಸೀರೆಯದು. ತರಗತಿಯಲ್ಲಿ ಎಷ್ಟು ಬಾಯಿ ಬಡಿದುಕೊಂಡರೂ ಮನೆಗೆ ಹೋದಮೇಲೆ ‘ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ’ ಎನ್ನುವ ವಾಟ್ಸಾಪ್ ಸಲಹೆಯೇ ಗೆಲ್ಲುತ್ತದೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಅಂಚು ಮಡಿಸುವುದು, ಪದರ ಸೇರಿಸುವುದು ಇಲ್ಲಿ ಬರೆಯುವುದಿಲ್ಲ. ಹೊಲಿಗೆ ಬಲ್ಲವರಿಗೆ ಈ ಉತ್ತರಗಳು.

ಪ್ರಶ್ನೆ: ತೀರಿಹೋದ ಅಮ್ಮನ ಸೀರೆಗಳಿಂದ ಕ್ವಿಲ್ಟ್ ಮಾಡಿದೆ. ಹೊಲಿಯುವ ಮೊದಲು ಉಪ್ಪು, ವಿನೆಗರ್ ಹಾಕಿದ ನೀರಲ್ಲಿ ರಾತ್ರಿಯಿಡೀ ನೆನೆಸಿದ್ದೆ. ಬೆಳಿಗ್ಗೆ ನೀರು ತಿಳಿಯಾಗಿಯೇ ಇತ್ತು. ಆದರೂ ಮೊದಲ ಒಗೆತಕ್ಕೇ ಇಳಕಲ್ ಸೆರಗಿನ ಕೆಂಪು ಪಕ್ಕದ ಬಿಳಿ ತುಂಡುಗಳಿಗೆಲ್ಲ ಹತ್ತಿದೆ. ಉಪ್ಪು ಕಡಿಮೆಯಾಯಿತೇ? ಈಗ ಏನು ಮಾಡಲಿ? (ತೀರ್ಥಹಳ್ಳಿ)

ಉತ್ತರ: ಮೊದಲು ಕ್ವಿಲ್ಟ್ ಉಳಿಸಿಕೊಳ್ಳೋಣ. ಒದ್ದೆಯಿದ್ದರೆ ಒಣಗಲು ಬಿಡಬೇಡಿ. ಇಸ್ತ್ರಿಯನ್ನಂತೂ ಹತ್ತಿರವೂ ತರಬೇಡಿ. ಬಿಸಿ ತಗುಲಿದ ಕಲೆಯನ್ನು ತೆಗೆಯುವುದು ಮತ್ತಷ್ಟು ಕಷ್ಟ. ಮನೆಯಲ್ಲಿರುವ ಅತಿ ದೊಡ್ಡ ಪಾತ್ರೆ ತೆಗೆದುಕೊಳ್ಳಿ, ಬಚ್ಚಲ ತೊಟ್ಟಿಯಾದರೂ ಸರಿ. ನಿಮ್ಮ ಸೆರಗು ರೇಷ್ಮೆಯದಾಗಿರುವ ಸಂಭವ ಇರುವುದರಿಂದ ಕೈ ತಡೆಯುವಷ್ಟು ಬಿಸಿ ಸಾಕು. ಪೂರ್ತಿ ಹತ್ತಿಯ ಕ್ವಿಲ್ಟಾದರೆ ನೀರು ಇನ್ನೂ ಬಿಸಿಯಿರಬಹುದು. ಸ್ವಲ್ಪ ಪಾತ್ರೆ ತೊಳೆಯುವ ದ್ರವ ಸೋಪು ಹಾಕಿ ಕ್ವಿಲ್ಟ್ ಪೂರ್ತಿ ಮುಳುಗಿಸಿ. ಒಂದು ಮೂಲೆಯೂ ನೀರಿನ ಮೇಲೆ ತೇಲಬಾರದು, ಬಟ್ಟೆ ಒಂದರ ಮೇಲೊಂದು ಒತ್ತಿಕೊಂಡಿರಲೂ ಬಾರದು. ಆಗಾಗ ಕೈಯಾಡಿಸಿ. ಕೆಲವು ಗಂಟೆಗಳ ನಂತರ ನೀರು ಕೆಂಪಾದರೆ ಚೆಲ್ಲಿ, ಹೊಸ ಬಿಸಿನೀರು, ಹೊಸ ಸೋಪು. ಒಂದು ಬಿಳಿ ಲೋಟದಲ್ಲಿ ನೀರು ತೆಗೆದು ನೋಡಿದಾಗ ಬಣ್ಣ ಕಾಣದ ತನಕ ಇದೇ ಕೆಲಸ. ಒಂದು ದಿನ ಹಿಡಿಯಬಹುದು, ಎರಡೂ ಹಿಡಿಯಬಹುದು. ಬೇಸರ ಬಂದು ನಡುವೆ ಹಿಂಡಿ ಹಾಕಿದಿರೋ, ತೇಲುತ್ತಿದ್ದ ಬಣ್ಣವೆಲ್ಲ ಬಿಳಿ ತುಂಡಿನ ಮೇಲೆಯೇ ಕೂರುತ್ತದೆ. ಒಗೆತದ ಕಲೆ ಬಹುಮಟ್ಟಿಗೆ ಹೀಗೆ ಬಿಡುತ್ತದೆ. ಬ್ಲೀಚ್ ಮುಟ್ಟಬೇಡಿ. ಅದು ಕಲೆಯ ಜೊತೆಗೆ ಅಮ್ಮನ ಸೀರೆಯನ್ನೂ ತಿನ್ನುತ್ತದೆ.

ಇನ್ನು ಉಪ್ಪಿನ ವಿಷಯ. ಬಣ್ಣ ಹಾಕುವವರು ಹಂಡೆಗೆ ಉಪ್ಪು ಹಾಕುವುದು ನಿಜ. ನೀರಿನಲ್ಲಿರುವ ಬಣ್ಣವನ್ನು ಹತ್ತಿಯ ಎಳೆಯ ಕಡೆಗೆ ತಳ್ಳಲು ಅದು ಬೇಕು. ಆದರೆ ಎಳೆಗೆ ಬಣ್ಣವನ್ನು ಕಟ್ಟಿಹಾಕುವ ಶಕ್ತಿ ಉಪ್ಪಿಗಿಲ್ಲ. ಇವತ್ತು ಹತ್ತಿಗೆ ಹೆಚ್ಚಾಗಿ ಬಳಸುವ ರಿಯಾಕ್ಟಿವ್ ಬಣ್ಣವನ್ನು ಕೂರಿಸುವುದು ಸೋಡಾದಂಥ ಕ್ಷಾರ, ಅದೂ ಬಣ್ಣ ಹಾಕುವ ಹೊತ್ತಿನಲ್ಲೇ. ವಿನೆಗರ್‌ನಂಥ ಹುಳಿಯ ಕೆಲಸ ಉಣ್ಣೆ, ರೇಷ್ಮೆಯ ಬಣ್ಣದ ಹಂಡೆಯಲ್ಲಿ. ಹತ್ತಿಗೆ ಅದರಿಂದ ಏನೂ ಆಗುವುದಿಲ್ಲ. ಪಟಿಕ ಹಾಕಿ ಎನ್ನುವವರೂ ಇದ್ದಾರೆ. ಪಟಿಕ ನೈಸರ್ಗಿಕ ಬಣ್ಣಕ್ಕೆ, ಅದೂ ಬಹುಪಾಲು ಬಣ್ಣ ಹಾಕುವ ಮೊದಲು ಬಟ್ಟೆಗೆ ಕೊಡುವಂಥದ್ದು. ನೇಯ್ದು, ಉಟ್ಟು, ಮೂವತ್ತು ವರ್ಷ ಪೆಟ್ಟಿಗೆಯಲ್ಲಿಟ್ಟ ಸೀರೆಗೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಸುರಿದರೂ ಬಣ್ಣ ಹೊಸದಾಗಿ ಕೂರುವುದಿಲ್ಲ.

ನೀರು ತಿಳಿಯಾಗಿತ್ತು ಎಂದಿರಲ್ಲ, ಮೋಸ ಇರುವುದೇ ಅಲ್ಲಿ. ಉಪ್ಪು ಕರಗಿದ ನೀರಿನಲ್ಲಿ ಸಡಿಲ ಬಣ್ಣ ಎಳೆಯನ್ನು ಬಿಟ್ಟು ಹೊರಬರುವುದು ಕಡಿಮೆಯಾಗುತ್ತದೆ. ನೋಡಿದವರು ಬಣ್ಣ ನಿಂತಿತು ಎಂದುಕೊಳ್ಳುತ್ತಾರೆ. ಮುಂದೆ ಸಾದಾ ನೀರು ಬಿದ್ದಾಗ ಒಳಗೆ ಉಳಿದದ್ದೆಲ್ಲ ಹೊರಗೆ ಬರುತ್ತದೆ. ನೀವು ಕಂಡದ್ದು ಅದನ್ನೇ. ಸಡಿಲ ಬಣ್ಣವನ್ನು ಒಳಗೆ ಹಿಡಿದಿಡಬೇಕಾಗಿಲ್ಲ, ಹೊರಗೆ ಹಾಕಬೇಕು. ಅದಕ್ಕೆ ಬಿಸಿನೀರು, ಸೋಪು, ತಾಳ್ಮೆ ಸಾಕು. 'ಬಣ್ಣ ನಿಲ್ಲಿಸುವ ಪುಡಿ' ಎಂದು ಒಳಗೇನಿದೆಯೆಂದೂ ಬರೆಯದ ಪೊಟ್ಟಣ ಮಾರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮುಂದಿನ ಸಲ ಕತ್ತರಿ ಹಿಡಿಯುವ ಮುಂಚೆ ಪ್ರತಿ ಸೀರೆಯನ್ನೂ ಹೀಗೆ ಪರೀಕ್ಷಿಸಿ. ಸೆರಗು, ಅಂಚು, ಒಡಲು ಮೂರರಿಂದಲೂ ಎರಡೆರಡು ಇಂಚಿನ ತುಂಡು ತೆಗೆಯಿರಿ. ಬೇರೆ ಬೇರೆ ಏಕೆಂದರೆ ಇಳಕಲ್ ಸೀರೆಯಲ್ಲಿ ಸೆರಗಿನ ಹಾಸನ್ನು (ಮಗ್ಗದ ಉದ್ದ ನೂಲುಗಳನ್ನು) ಒಡಲಿನ ಹಾಸಿನೊಂದಿಗೆ ಕೊಂಡಿ ಹಾಕಿ ಸೇರಿಸಿರುತ್ತಾರೆ; ನೂಲೂ ಬೇರೆ, ಬಣ್ಣವೂ ಬೇರೆ. ಒಡಲು ಗಟ್ಟಿಯಿದ್ದ ಮಾತ್ರಕ್ಕೆ ಸೆರಗು ಗಟ್ಟಿಯಲ್ಲ. ತುಂಡನ್ನು ಸೋಪಿನ ಬಿಸಿನೀರಲ್ಲಿ ಅರ್ಧ ಗಂಟೆ ಬಿಡಿ. ತೆಗೆದು ಹಿಂಡದೆ ಬಿಳಿ ಪಂಚೆಯ ತುಂಡಿನ ಮೇಲಿಟ್ಟು, ಮೇಲೊಂದು ತಟ್ಟೆ, ಅದರ ಮೇಲೆ ಭಾರ. ಒಣಗಿದ ಮೇಲೆ ಎತ್ತಿ ನೋಡಿ. ಬಿಳಿಯ ಮೇಲೆ ನೆರಳಿನಷ್ಟು ಬಣ್ಣ ಕಂಡರೂ ಆ ಸೀರೆ ಇನ್ನೂ ಒಗೆತ ಬೇಡುತ್ತಿದೆ. ಒಗೆದು ಒಗೆದು ಸಾಕಾದ ಮೇಲೂ ಬಿಡುತ್ತಿದ್ದರೆ ಬಿಳಿ, ಹಳದಿ ಬಟ್ಟೆಯ ಪಕ್ಕ ಅದನ್ನು ಹಾಕಲೇಬೇಡಿ. ನೀಲಿ ಅಚ್ಚಿನ ಬಟ್ಟೆಯನ್ನು ಒಣಗಿದ್ದಾಗಲೇ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ; ಇಂಡಿಗೋ ಉಜ್ಜಿದರೂ ಬಿಡುತ್ತದೆ.

ಬಣ್ಣ ಗೆದ್ದಮೇಲೆ ಬಲ. ಸೀರೆಯನ್ನು ಬೆಳಕಿಗೆ ಹಿಡಿದು, ಎರಡೂ ಹೆಬ್ಬೆರಳು ಜೋಡಿಸಿ ಅಡ್ಡಕ್ಕೆ, ಉದ್ದಕ್ಕೆ ಎಳೆಯಿರಿ. ಪರ್ ಎಂದರೆ ಅದು ಮುಗಿದ ಬಟ್ಟೆ, ಮನಸ್ಸಿಗೆ ಎಷ್ಟೇ ಹತ್ತಿರವಿದ್ದರೂ. ಸುಮಾರಾಗಿ ತಡೆದರೆ ಹಿಂದೆ ತೆಳು ಮಲ್ ಬಟ್ಟೆಯ ಆಸರೆ ಕೊಡಿ. ಕಬ್ಬಿಣ ಸೇರಿಸಿ ಮಾಡಿದ ಹಳೆಯ ಕಪ್ಪು, ಕಂದು ಬಣ್ಣದ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಆ ಕಬ್ಬಿಣವೇ ಕಾಲಕ್ರಮದಲ್ಲಿ ಎಳೆಯನ್ನು ತಿನ್ನುತ್ತದೆ. ಹಳೇ ಕೌದಿಗಳಲ್ಲಿ ಕಪ್ಪು ಹೂವಿನ ಜಾಗವಷ್ಟೇ ಉದುರಿ ತೂತಾಗಿರುವುದನ್ನು ನೋಡಿರುತ್ತೀರಿ. ಅಡಿಕೆ ಚೊಗರಿನ (ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ನೀರಿನ) ಬಣ್ಣ ಹಾಕಿಕೊಳ್ಳುವವರೂ ಇದನ್ನು ಗಮನಿಸಲಿ: ಚೊಗರಿಗೆ ಕಬ್ಬಿಣ ಸೇರಿದರೆ ಬಣ್ಣ ಕಪ್ಪಾಗುತ್ತದೆ, ಬಟ್ಟೆಯ ಆಯುಷ್ಯ ಇಳಿಯುತ್ತದೆ.

ಅಮ್ಮನ ಸೀರೆ ಮತ್ತೆ ಸಿಗುವುದಿಲ್ಲ. ಅದಕ್ಕೇ ಇಷ್ಟು ಗಡುಸಾಗಿ ಹೇಳುತ್ತಿದ್ದೇನೆ.

ಪ್ರಶ್ನೆ: ಮಳೆಗಾಲದಲ್ಲಿ ಕೌದಿಗೆ ಬೂಷ್ಟು ಬರುತ್ತದೆ. ನುಸಿಗುಳಿಗೆ ಹಾಕಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೂ ವಾಸನೆ. (ಹೊಸನಗರ)

ಉತ್ತರ: ನುಸಿಗುಳಿಗೆ ಹುಳುವಿಗೆ, ಬೂಷ್ಟಿಗಲ್ಲ. ಪ್ಲಾಸ್ಟಿಕ್ಕು ಒಳಗಿನ ತೇವವನ್ನು ಒಳಗೇ ಕೂಡಿಹಾಕುತ್ತದೆ. ಮಳೆ ಹಿಡಿಯುವ ಮುಂಚೆ ಬಿಸಿಲಲ್ಲಿ ಖಡಕ್ಕಾಗಿ ಒಣಗಿಸಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಇಡಿ. ಮಳೆ ಬಿಟ್ಟ ದಿನ ಬಿಚ್ಚಿ ಗಾಳಿಗೆ ಹಾಕಿ, ಬೇರೆ ಗೆರೆಯಲ್ಲಿ ಮಡಿಸಿ. ಬಚ್ಚಲೊಲೆಯ ಮೇಲಿನ ಗಳದ ಮೇಲೆ ಒಣಗಿಸಿದರೆ ಹೊಗೆ ವಾಸನೆ ಬರುತ್ತದೆ, ಬರಲಿ, ಬೂಷ್ಟಿಗಿಂತ ವಾಸಿ. ಒಂದು ಮಾತು ಮಾತ್ರ ಮರೆಯಬೇಡಿ. ನುಸಿಗುಳಿಗೆಯ ಜೊತೆ ಇಟ್ಟ ಬಟ್ಟೆಯನ್ನು ಹಸುಗೂಸಿಗೆ ಹೊದಿಸಬಾರದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಲ್ಲಿ ಅದರ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಕಾಮಾಲೆ ಏರುತ್ತದೆ. ಹಾಗೆ ನೋಡಿದರೆ ಒಂದು ವರ್ಷದೊಳಗಿನ ಮಗು ಮಲಗಿದಾಗ ಯಾವ ಸಡಿಲ ಹೊದಿಕೆಯೂ ಬೇಡ ಎನ್ನುವುದೇ ಮಕ್ಕಳ ವೈದ್ಯರ ಸಲಹೆ. ಬಾಣಂತಿಗೆ ಉಡುಗೊರೆ ಎಂದು ನನ್ನ ಹತ್ತಿರ ತೊಟ್ಟಿಲ ಕ್ವಿಲ್ಟ್ ಕೇಳುವವರಿಗೆಲ್ಲ ಇದನ್ನು ಹೇಳಿಯೇ ಕೊಡುತ್ತೇನೆ. ಬೇಸರ ಮಾಡಿಕೊಂಡರೂ ಚಿಂತೆಯಿಲ್ಲ.

ಪ್ರಶ್ನೆ: ಒಳ್ಳೆಯ ಕ್ವಿಲ್ಟಿಗೆ ವಿದೇಶಿ ಬಟ್ಟೆ ತರಿಸಲೇಬೇಕೇ? (ಸಾಗರ)

ಉತ್ತರ: ಬೇಡ. ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಂಗಸರು ಸವೆದ ಕೆಲಸದ ಬಟ್ಟೆಯಲ್ಲೂ ಹೊಲಿದ ಕ್ವಿಲ್ಟ್‌ಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನ ಗೋಡೆ ಏರಿದವು. ಅಷ್ಟು ದೂರ ಯಾಕೆ, ಘಟ್ಟದಲ್ಲೇ ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಹೆಂಗಸರ ಕೌದಿ ನೋಡಿ ಬನ್ನಿ. ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಚಿದ ತ್ರಿಕೋನಗಳ 'ಫೂಲ' ಕೂರಿಸುತ್ತಾರೆ. ಎಲ್ಲವೂ ಹಳೇ ಬಟ್ಟೆ.

ಪ್ರಶ್ನೆ: ಗಿಡಮೂಲಿಕೆ ಬಣ್ಣದ ಕೌದಿ ಹೊದ್ದರೆ ಸಂಧಿವಾತ ಹೋಗುತ್ತದೆಯೇ? ಮೇಳದಲ್ಲಿ ಸಾವಿರಾರು ರೂಪಾಯಿಗೆ ಮಾರುತ್ತಿದ್ದರು. (ಭದ್ರಾವತಿ)

ಉತ್ತರ: ಹೋಗುವುದು ದುಡ್ಡು ಮಾತ್ರ. ನೋವಿಗೆ ವೈದ್ಯರನ್ನು ನೋಡಿ.

ಪ್ರಶ್ನೆ: ಮುಸ್ಸಂಜೆ ಮೇಲೆ ಸೂಜಿ ಹಿಡಿಯಬಾರದಂತೆ? (ಶಿಕಾರಿಪುರ)

ಉತ್ತರ: ಒಳ್ಳೆಯ ದೀಪವಿದ್ದರೆ ಹಿಡಿಯಿರಿ.

ಪ್ರಶ್ನೆ: ಮೊದಲ ಸಲ ಪ್ರದರ್ಶನಕ್ಕೆ ಕ್ವಿಲ್ಟ್ ಕೊಡುತ್ತಿದ್ದೇನೆ. ಮಿಷನ್ ಹೊಲಿಗೆ ಎಂದು ತಿರಸ್ಕರಿಸುತ್ತಾರಾ? (ಶಿವಮೊಗ್ಗ)

ಉತ್ತರ: ಮಿಷನ್ ಹೊಲಿಗೆಯೂ ಹೊಲಿಗೆಯೇ; ಕೈಯಲ್ಲಿ ಮಾಡಿದ್ದು ಎಂದು ಸುಳ್ಳು ಬರೆಯದಿದ್ದರೆ ಆಯಿತು. ಹಿಂಬದಿಯ ಮೇಲಂಚಿಗೆ ನಾಲ್ಕು ಇಂಚಿನ ಬಟ್ಟೆಯ ಕೊಳವೆ ಹೊಲಿದು ಕೋಲು ತೂರಿಸಿ ತೂಗುಹಾಕಿ. ಮೊಳೆ, ಕ್ಲಿಪ್ಪು ಹಾಕಿದರೆ ಭಾರಕ್ಕೆ ಅಲ್ಲಲ್ಲೇ ಜಗ್ಗುತ್ತದೆ. ಮುಟ್ಟಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ, ಅವರಿಗಾಗಿ ಪಕ್ಕದಲ್ಲೊಂದು ಚಿಕ್ಕ ಮಾದರಿ ತುಂಡು ನೇತುಹಾಕಿ. ಹಿಂಬದಿಯಲ್ಲಿ ನಿಮ್ಮ ಹೆಸರು, ಊರು, ವರ್ಷವನ್ನು ದಾರದಲ್ಲೇ ಬರೆಯಿರಿ. ನಮ್ಮ ಮನೆಗಳ ಹಳೇ ಕೌದಿಗಳಲ್ಲಿ ಹೊಲಿದವಳ ಹೆಸರಿಲ್ಲ. ಯಾರ ಕೈಯದು ಎಂದು ಕೇಳಿದರೆ ಮನೆಯವರಿಗೇ ಗೊತ್ತಿರುವುದಿಲ್ಲ. ನನ್ನ ತರಗತಿಯಲ್ಲಿ ಹೆಸರು ಹೊಲಿಯದೆ ಕ್ವಿಲ್ಟ್ ಹೊರಗೆ ಹೋಗಲು ಬಿಡುವುದಿಲ್ಲ.

ಪ್ರಶ್ನೆ: ಅಂಗಡಿಯ ರಗ್ಗು ಅಗ್ಗಕ್ಕೆ ಸಿಗುವಾಗ ನನ್ನ ಕ್ವಿಲ್ಟಿಗೆ ಎಷ್ಟು ಬೆಲೆ ಹೇಳಲಿ? (ಸೊರಬ)

ಉತ್ತರ: ಬಟ್ಟೆ, ನೂಲು, ಒಳಹಾಸಿನ ಖರ್ಚು ಬರೆಯಿರಿ. ಕೂತ ಗಂಟೆಗಳನ್ನು ಬರೆದಿಟ್ಟುಕೊಂಡು ನಿಮ್ಮೂರಿನ ತೋಟದ ಕೂಲಿಗಿಂತ ಕಡಿಮೆಯಾಗದಂತೆ ಲೆಕ್ಕ ಹಾಕಿ, ಬಂದ ಮೊತ್ತವನ್ನು ತಲೆ ಎತ್ತಿ ಹೇಳಿ. ರಗ್ಗು ಬೇಕಾದವರು ರಗ್ಗು ತೆಗೆದುಕೊಳ್ಳಲಿ.